ಆರೇಳು ವರ್ಷದವರಿಗೆ ಫುಟ್ಸಾಲ್

ಪ್ರಶ್ನೆ: ನಮ್ಮ ಬಡಾವಣೆಯ ಪುಟ್ಟ ಮಕ್ಕಳಿಗೆ ಫುಟ್ಸಾಲ್ ಕಲಿಸಬೇಕೆಂದಿದ್ದೇವೆ. ತರಬೇತಿಯ ಕ್ರಮ ಹೇಗಿರಬೇಕು?

ಉತ್ತರ: ಚೆಂಡಿನಿಂದಲೇ ಶುರು ಮಾಡಿ. ಫುಟ್ಸಾಲ್ ಚೆಂಡು ಹೆಚ್ಚು ಪುಟಿಯದು. ನಿಯಮದ ಪ್ರಕಾರ, ಎರಡು ಮೀಟರ್ ಎತ್ತರದಿಂದ ಬಿಟ್ಟಾಗ ಅದರ ಮೊದಲ ಪುಟಿತ 50ರಿಂದ 65 ಸೆಂಟಿಮೀಟರ್ ಒಳಗಿರಬೇಕು. ಹಾಗಾಗಿ ಚೆಂಡು ಮಗುವಿನ ಕಾಲ ಬಳಿಯೇ ಉಳಿಯುತ್ತದೆ. ದೊಡ್ಡವರದು 4ನೇ ಸೈಜು. ನೀವು ಅದಕ್ಕಿಂತ ಚಿಕ್ಕದನ್ನು ತನ್ನಿ, ತಲಾ ಒಂದರಂತೆ. ಸಾಲಿನಲ್ಲಿ ನಿಲ್ಲಿಸಿ ಸರದಿಗಾಗಿ ಕಾಯಿಸುವ ತರಬೇತಿ ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಬಂದಿರುವುದು ಆಡಲಿಕ್ಕೆ.

ಮೊದಲ ಪಾಠ ಅಂಗಾಲಿನದು. ಉರುಳಿ ಬರುವ ಚೆಂಡಿನ ಮೇಲೆ ಮುಂಗಾಲನ್ನು ಮೆತ್ತಗೆ ಊರಬೇಕು, ಹಿಮ್ಮಡಿ ತಗ್ಗಿರಬೇಕು. ನಿಂತ ಚೆಂಡನ್ನು ಅಂಗಾಲಿನಿಂದಲೇ ಹಿಂದಕ್ಕೆಳೆದು ಪಕ್ಕಕ್ಕೆ ತಿರುಗಬೇಕು, ಎಡಗಾಲಲ್ಲೂ ಬಲಗಾಲಲ್ಲೂ. ಇದನ್ನೇ ಬರೀ ಕಸರತ್ತಾಗಿ ಮಾಡಿಸಿದರೆ ಹತ್ತು ನಿಮಿಷಕ್ಕೆ ಬೇಸರ ಬರುತ್ತದೆ. ಚೆಂಡು ಉರುಳಿಸುತ್ತಲೇ ಜೂಟಾಟ ಆಡಿಸಿ, ತಲೆಯೆತ್ತಿ ನೋಡುವುದು ತಾನಾಗಿ ಬರುತ್ತದೆ.

ಆಮೇಲೆ ಇಬ್ಬರಿಗೆ ಇಬ್ಬರು, ಮೂವರಿಗೆ ಮೂವರು. ಐದೈದು ಜನರ ಪೂರ್ತಿ ಆಟಕ್ಕೆ ಅವಸರ ಬೇಡ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಶಿಕ್ಷಕ ಹುವಾನ್ ಕಾರ್ಲೋಸ್ ಸೆರಿಯಾನಿ ಈ ಆಟವನ್ನು ರೂಪಿಸಿದ್ದೇ ಒಳಾಂಗಣದ ಇಕ್ಕಟ್ಟಿನ ಜಾಗಕ್ಕೆ. ನಿಮಗೂ ಬ್ಯಾಡ್ಮಿಂಟನ್ ಕೋರ್ಟಿನಷ್ಟು ಜಾಗ ಸಾಕು. ಗೋಲ್‌ಕೀಪರ್ ಸರದಿ ಎಲ್ಲರಿಗೂ ಬರಲಿ. ದಪ್ಪಗಿರುವ ಮಗುವನ್ನೇ ದಿನವೂ ಅಲ್ಲಿ ನಿಲ್ಲಿಸುವುದು ಅನ್ಯಾಯ. ಪಕ್ಕದ ಗೆರೆ ದಾಟಿದ ಚೆಂಡನ್ನು ನಾಲ್ಕು ಸೆಕೆಂಡಿನೊಳಗೆ ಒದ್ದು ಒಳತರಬೇಕೆಂಬ ಕಿಕ್-ಇನ್ ನಿಯಮ ಒಂಬತ್ತು ಹತ್ತರ ವಯಸ್ಸಿಗೆ ಇರಲಿ. ಸಿಮೆಂಟ್ ನೆಲವಾದರೆ ಮುಳ್ಳಿಲ್ಲದ, ಚಪ್ಪಟೆ ರಬ್ಬರ್ ಅಡಿಯ ಶೂ ಹಾಕಿಸಿ.