ವಿಕಾಸದ ಆಟ: ಮೋಜು ಎಷ್ಟು, ವಿಜ್ಞಾನ ಎಷ್ಟು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಎರೆಹೊಲಗಳಲ್ಲಿ ಹತ್ತಿ ಬೆಳೆಯುವವರಿಗೆ ಗುಲಾಬಿ ಕಾಯಿಕೊರಕ ಹೊಸದೇನಲ್ಲ. ‘ಹುಳ ಬಿಟಿಗೆ ಹೊಂದಿಕೊಂಡುಬಿಟ್ಟಿದೆ’ ಎನ್ನುವುದುಂಟು. ಹುಳು ವಿಷವನ್ನು ತಾಳಿಕೊಳ್ಳಲು ಕಲಿಯುತ್ತದೆಯೇ? ಇಲ್ಲ. ತಾಳಬಲ್ಲ ಕೆಲವು ಹುಳುಗಳು ಮೊದಲೇ ಇರುತ್ತವೆ. ಉಳಿದವು ಸತ್ತಾಗ ಅವುಗಳ ಸಂತತಿ ಹೆಚ್ಚುತ್ತದೆ. ಇದೇ ನಿಸರ್ಗದ ಆಯ್ಕೆ. ಇದನ್ನು ಕಲಿಸಲು ವಿಡಿಯೋ ಆಟಗಳು ನೆರವಾಗಬಲ್ಲವೇ?

ವಿಲ್ ರೈಟ್ ರೂಪಿಸಿದ ‘ಸ್ಪೋರ್’ 2008ರಲ್ಲಿ ಬಿಡುಗಡೆಯಾಯಿತು. ಏಕಕೋಶ ಜೀವಿಯಿಂದ ಹೊರಟ ಆಟಗಾರ ಐದು ಹಂತಗಳಲ್ಲಿ ಬಾಹ್ಯಾಕಾಶ ತಲಪುತ್ತಾನೆ. ಅಂಕ ಗಳಿಸಿ ತನ್ನ ಜೀವಿಗೆ ಕಾಲು, ಬಾಯಿ, ಕಣ್ಣು ಜೋಡಿಸುತ್ತಾನೆ. ಮೋಜಿಗೆ ಕೊರತೆಯಿಲ್ಲ. ಆದರೆ ಇಲ್ಲಿ ಜೀವಿ ಬದಲಾಗುವುದು ಆಟಗಾರನ ಇಚ್ಛೆಯಂತೆ. ಇದು ವಿನ್ಯಾಸ, ವಿಕಾಸವಲ್ಲ. ಸ್ವಯಂಸೇವಕರು ಬೆಳೆಸುತ್ತಿರುವ ಉಚಿತ ಆಟ ‘ಥ್ರೈವ್’ನಲ್ಲಿಯೂ ಆಟಗಾರ ತನ್ನ ಕೋಶವನ್ನು ತಾನೇ ತಿದ್ದುತ್ತಾನೆ, ಆದರೆ ಉಳಿದ ಪ್ರಭೇದಗಳ ಏಳುಬೀಳನ್ನು ಗಣಕವೇ ಲೆಕ್ಕಹಾಕುತ್ತದೆ.

ತೊಡಕು ಇಲ್ಲಿದೆ. ಎಲ್ಲವನ್ನೂ ಆಕಸ್ಮಿಕಕ್ಕೆ ಬಿಟ್ಟರೆ ಆಟಗಾರನಿಗೆ ಕೆಲಸವಿಲ್ಲ. ಎಲ್ಲವನ್ನೂ ಆಟಗಾರನಿಗೆ ಬಿಟ್ಟರೆ ವಿಕಾಸವಿಲ್ಲ.

ಹಾಗಾದರೆ ಏನನ್ನು ಕೈಬಿಡಬಹುದು? ಭೌತವಿಜ್ಞಾನದ ಪಾಠದಲ್ಲಿ ನಾವು ಘರ್ಷಣೆಯನ್ನು ಬಿಟ್ಟು ಲೆಕ್ಕ ಮಾಡಿಸುತ್ತೇವೆ. ಕಲ್ಲು ಮೇಲಕ್ಕೆ ಬೀಳುತ್ತದೆ ಎಂದು ಮಾತ್ರ ಹೇಳುವುದಿಲ್ಲ. ಹಾಗೆಯೇ ಆಟದಲ್ಲಿ ಕಾಲವನ್ನು ಕುಗ್ಗಿಸಬಹುದು. ಹಟ್ಟಿ–ಮಸ್ಕಿ ಶಿಲಾಪಟ್ಟಿಯ ವಯಸ್ಸು ಸುಮಾರು 250 ಕೋಟಿ ವರ್ಷ. ಅಷ್ಟು ಕಾಲ ಯಾರೂ ಆಡಲಾರರು! ಆದರೆ ‘ವ್ಯತ್ಯಾಸ ಮೊದಲು, ಆಯ್ಕೆ ಆಮೇಲೆ’ ಎಂಬ ಕ್ರಮವನ್ನು ತಿರುಗಿಸಬಾರದು. ಆಟಗಾರನನ್ನು ಜೀವಿಯ ಶಿಲ್ಪಿಯಾಗಿಸುವ ಬದಲು ಪರಿಸರದ ಭಾಗವಾಗಿಸಿದರೆ ಮೋಜು, ವಿಜ್ಞಾನ ಎರಡೂ ಉಳಿಯುತ್ತವೆ.

ಇದಕ್ಕೆ ಗಣಕವೂ ಬೇಡ. ತಟ್ಟೆಯಲ್ಲಿ ಎರೆಮಣ್ಣು ಹರಡಿ 40 ಬಿಳಿಜೋಳ, 10 ಕರಿ ಉದ್ದಿನ ಕಾಳು ಚೆಲ್ಲಿ. ವಿದ್ಯಾರ್ಥಿಗಳು ಹಕ್ಕಿಗಳು. ಒಂದೊಂದೇ ಕಾಳನ್ನು ಬೇಗಬೇಗ ಹೆಕ್ಕಿ, ಒಟ್ಟು 25 ಆದಾಗ ನಿಲ್ಲಿಸಲಿ. ಉಳಿದ ಪ್ರತಿ ಕಾಳಿಗೂ ಅದೇ ಜಾತಿಯ ಒಂದು ‘ಮರಿ’ ಸೇರಿಸಿ ಕಲಸಿ. ಮೊದಲ ಸುತ್ತಿನಲ್ಲಿ 23 ಜೋಳ, 2 ಉದ್ದು ಹೋದವೆನ್ನಿ. ಉಳಿದ 17 ಜೋಳ 34 ಆಗುತ್ತದೆ, 8 ಉದ್ದು 16 ಆಗುತ್ತದೆ. ಮುಂದಿನ ಸುತ್ತಿನಲ್ಲಿ 21 ಜೋಳ, 4 ಉದ್ದು ಹೋದರೆ 26 ಮತ್ತು 24. ಯಾವ ಕಾಳೂ ಬಣ್ಣ ಬದಲಿಸಲಿಲ್ಲ, ಆದರೂ ತಟ್ಟೆ ಕಪ್ಪಾಗುತ್ತಿದೆ!

ಈಗ ಉದ್ದನ್ನು ವಿಷ ತಾಳುವ ಹುಳು, ಹಕ್ಕಿಯನ್ನು ಬಿಟಿ ಎಂದುಕೊಳ್ಳಿ. ನಮ್ಮಲ್ಲಿ ಬಿಟಿ ಹತ್ತಿಗೆ 2002ರಲ್ಲಿ ಅನುಮತಿ ದೊರೆಯಿತು. ಗುಜರಾತಿನ ಕೆಲವೆಡೆ ಗುಲಾಬಿ ಕಾಯಿಕೊರಕ ಮೊದಲ ಪೀಳಿಗೆಯ ಬಿಟಿಯನ್ನು ತಾಳುತ್ತದೆಂದು 2010ರಲ್ಲಿ ಪ್ರಕಟವಾಯಿತು. ಹೊಲದಂಚಿನಲ್ಲಿ ಬಿಟಿಯಲ್ಲದ ಹತ್ತಿ ಹಾಕಬೇಕೆಂಬ ನಿಯಮ ಇದಕ್ಕಾಗಿಯೇ ಇತ್ತು, ಅನೇಕರು ಪಾಲಿಸಲಿಲ್ಲ. ತಟ್ಟೆಯ ಒಂದು ಮೂಲೆಯನ್ನು ಹಕ್ಕಿಗಳು ಮುಟ್ಟದಂತೆ ಮಾಡಿ ಆಡಿಸಿ. ಉದ್ದು ಹೆಚ್ಚುವ ವೇಗ ತಗ್ಗುತ್ತದೆ. ನಿಜವಾದ ಹೊಲದಲ್ಲಿ ಆ ಅಂಚಿನ ಪತಂಗಗಳು ವಿಷ ತಾಳುವ ಪತಂಗಗಳೊಡನೆ ಕೂಡುತ್ತವೆ. ಅವುಗಳ ಮಿಶ್ರ ಸಂತತಿಯ ಹೆಚ್ಚಿನ ಪಾಲು ಬಿಟಿ ಗಿಡ ತಿಂದು ಸಾಯುತ್ತದೆ. ನಮ್ಮ ಆಟದಲ್ಲಿ ಈ ಕೂಡುವಿಕೆ ಇಲ್ಲ.

ಆಟ ಮುಗಿದ ಮೇಲೆ ‘ಇದರಲ್ಲಿ ಏನೇನು ಬಿಟ್ಟಿದ್ದೇವೆ?’ ಎಂದು ವಿದ್ಯಾರ್ಥಿಗಳನ್ನೇ ಕೇಳಿ. ಪಾಠ ಶುರುವಾಗುವುದು ಆಗಲೇ.