ಆಶಾ ಕಾರ್ಯಕರ್ತೆಯ ತಿಂಗಳ ಲೆಕ್ಕ

ದ್ವಿತೀಯ ಪಿಯುಸಿ ಮುಗಿದ ಮೇಲೆ ಏನು ಓದುತ್ತೀರಿ ಎಂದು ಕೇಳಿದರೆ ನಮ್ಮ ವಿಜ್ಞಾನ ವಿಭಾಗದಲ್ಲಿ ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನಿಷಿಯನ್ ಎನ್ನುವವರು ಪ್ರತಿ ಬೆಂಚಿನಲ್ಲೂ ಸಿಗುತ್ತಾರೆ. ಯಾವ ಕಾಲೇಜು, ಎಷ್ಟು ಫೀಸು ಎಂಬುದನ್ನು ಎಲ್ಲರೂ ವಿಚಾರಿಸಿರುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು, ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ ಎಂದು ಕೇಳಿದವರು ಮಾತ್ರ ಕಡಿಮೆ. ಆರೋಗ್ಯ ಸೇವೆಯಲ್ಲಿ ಸಂಬಳ ನಿರ್ಧಾರವಾಗುವುದು ಮಾಡುವ ಕೆಲಸದಿಂದ ಅಷ್ಟಾಗಿ ಅಲ್ಲ, ನಿಮ್ಮನ್ನು ಯಾವ ಹೆಸರಿನಲ್ಲಿ ಸೇರಿಸಿಕೊಂಡಿದ್ದಾರೆ ಎಂಬುದರಿಂದ. ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ವಿಜಯನಗರ, ಪಾದರಾಯನಪುರದ ಮನೆಬಾಗಿಲುಗಳನ್ನು ತಟ್ಟುವ ಆಶಾ ಕಾರ್ಯಕರ್ತೆಯಲ್ಲಿ.

ಆಶಾ ವ್ಯವಸ್ಥೆ ಬಂದದ್ದು 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ. 2013ರಲ್ಲಿ ನಗರ ಆರೋಗ್ಯ ಅಭಿಯಾನ ಮಂಜೂರಾದ ಮೇಲೆ ನಗರಗಳಿಗೂ ವಿಸ್ತರಿಸಿತು. ನಗರದಲ್ಲಿ ಒಬ್ಬ ಆಶಾಗೆ 200ರಿಂದ 500 ಮನೆಗಳು, ಅಂದರೆ 1,000ದಿಂದ 2,500 ಜನ ಎಂಬುದು ನಿಯಮ. ಗರ್ಭಿಣಿಯರ ಪಟ್ಟಿ, ಮಕ್ಕಳ ಲಸಿಕೆ, ಕ್ಷಯ ರೋಗಿಯ ಮಾತ್ರೆ, ಡೆಂಗಿ ಸಮೀಕ್ಷೆ ಎಲ್ಲವೂ ಅವರ ಪಾಲಿಗೆ.

ಈಗ ಹಣದ ಮಾತು. ಅವರಿಗೆ ಬರುವುದನ್ನು ಯಾರೂ ಸಂಬಳ ಎನ್ನುವುದಿಲ್ಲ. ರಾಜ್ಯ ಸರ್ಕಾರ ಕೊಡುವ ನಿಶ್ಚಿತ ಮೊತ್ತ ಗೌರವಧನ, ಅದು ತಿಂಗಳಿಗೆ 5,000 ರೂಪಾಯಿಗೆ ಬಂದಿತ್ತು. ಕೇಂದ್ರದ ಪಾಲು 2018ರಿಂದ 2,000 ರೂಪಾಯಿ ಇತ್ತು. 2025ರಲ್ಲಿ ಅದನ್ನು 3,500ಕ್ಕೆ ಏರಿಸಲು ಕೇಂದ್ರ ಒಪ್ಪಿತು. ಉಳಿದದ್ದು ಪ್ರೋತ್ಸಾಹಧನ. ಇದು ಕೆಲಸಕ್ಕೆ ತಕ್ಕಂತೆ ಬಿಡಿಬಿಡಿಯಾಗಿ ಬರುತ್ತದೆ. ಮಗುವಿಗೆ ಮೊದಲ ವರ್ಷದ ಲಸಿಕೆಗಳೆಲ್ಲ ಪೂರ್ಣವಾದರೆ 100 ರೂಪಾಯಿ, ಕ್ಷಯ ರೋಗಿಯೊಬ್ಬರ ಚಿಕಿತ್ಸೆ ಮುಗಿಸಿಕೊಟ್ಟರೆ 1,000 ರೂಪಾಯಿ, ಹೀಗೆ.

ಇವುಗಳಲ್ಲಿ ಒಂದನ್ನು ಬಿಡಿಸಿ ನೋಡೋಣ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ನೋಡಲು ಆಶಾ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಬೇಕು. ತೂಕ ನೋಡಬೇಕು, ಜ್ವರ ನೋಡಬೇಕು, ಹಾಲು ಕುಡಿಯುತ್ತಿದೆಯೇ ಎಂದು ತಾಯಿಯನ್ನು ವಿಚಾರಿಸಬೇಕು. ಆರೂ ಭೇಟಿಗೆ ಸೇರಿ 250 ರೂಪಾಯಿ. ಭಾಗಿಸಿದರೆ ಒಂದು ಭೇಟಿಗೆ 41 ರೂಪಾಯಿ 67 ಪೈಸೆ. ಅದೂ ಕೂಡಲೇ ಅಲ್ಲ. ಜನನ ನೋಂದಣಿಯಾಗಿರಬೇಕು, ತೂಕ ಕಾರ್ಡಿನಲ್ಲಿ ದಾಖಲಾಗಿರಬೇಕು, ಲಸಿಕೆ ಬಿದ್ದಿರಬೇಕು, 42ನೇ ದಿನದವರೆಗೆ ತಾಯಿ ಮಗು ಕ್ಷೇಮವಾಗಿರಬೇಕು ಎಂಬ ಷರತ್ತುಗಳನ್ನು ಮಾರ್ಗಸೂಚಿಯಲ್ಲೇ ಬರೆಯಲಾಗಿತ್ತು. ಕೊನೆಯ ಷರತ್ತನ್ನು ನಾನು ಎರಡು ಸಲ ಓದಿದೆ. ಮಗುವಿನ ಪ್ರಾಣ ಆಶಾ ಒಬ್ಬರ ಕೈಯಲ್ಲಿದೆಯೇ? ಜೊತೆಗೆ, ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದಿದ್ದರೆ ಅದರ ಹಣ ತಪ್ಪಿಹೋಗುತ್ತದೆ ಎಂಬುದು ಅವರ ಹಳೆಯ ದೂರು.

ಸಮಯದ ಲೆಕ್ಕ ಇನ್ನೂ ವಿಚಿತ್ರ. ಈ ಕೆಲಸ ಅವರ ಜೀವನೋಪಾಯಕ್ಕೆ ಅಡ್ಡಿಯಾಗಬಾರದು, ದಿನಕ್ಕೆ ಕೆಲವೇ ಗಂಟೆ ಸಾಕು ಎಂಬುದು ಮೂಲ ಯೋಜನೆ. ಆದರೆ ಹೆರಿಗೆ ನೋವು ಗಡಿಯಾರ ನೋಡಿಕೊಂಡು ಬರುವುದಿಲ್ಲ. ಗಂಡಂದಿರು ಕೆಲಸದಿಂದ ಬಂದ ಮೇಲೆ ಸಂಜೆ ಬನ್ನಿ ಎನ್ನುವ ಮನೆಗಳೂ ಇವೆ. ಪಾಳಿ ಇಲ್ಲದ ಮೇಲೆ ಓವರ್‌ಟೈಮ್ ಎಂಬುದೂ ಇಲ್ಲ.

ಹಾಗಾದರೆ ಕನಿಷ್ಠ ವೇತನದ ಕಾನೂನು ಏಕೆ ಅನ್ವಯಿಸುವುದಿಲ್ಲ? ಸರ್ಕಾರದ ಕಡತದಲ್ಲಿ ಆಶಾ ನೌಕರಳಲ್ಲ, ಸ್ವಯಂಸೇವಕಿ. ರಾಜ್ಯದ ಏಳನೇ ವೇತನ ಆಯೋಗದ ಬಳಿಕ, 2024ರ ಆಗಸ್ಟ್‌ನಿಂದ ಸರ್ಕಾರಿ ನೌಕರರ ಅತಿ ಕಡಿಮೆ ಮೂಲ ವೇತನವೇ 27,000 ರೂಪಾಯಿ. ಆಶಾ ಅದರ ಹತ್ತಿರಕ್ಕೂ ಬರುವುದಿಲ್ಲ. ಇಂಥ ಯೋಜನಾ ಕಾರ್ಯಕರ್ತೆಯರನ್ನು ಕಾರ್ಮಿಕರೆಂದು ಪರಿಗಣಿಸಿ ಕನಿಷ್ಠ ವೇತನ ಕೊಡಬೇಕೆಂದು 2013ರಲ್ಲೇ 45ನೇ ಭಾರತೀಯ ಕಾರ್ಮಿಕ ಸಮ್ಮೇಳನ ಶಿಫಾರಸು ಮಾಡಿತ್ತು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿ, ಗೌರವಧನವೂ ವೇತನವೇ, ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಆ ತೀರ್ಪು ಅಂಗನವಾಡಿಯವರದು. ಆಶಾ ಹೊರಗೇ ಉಳಿದರು. ಮರುತಿಂಗಳೇ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಜಾಗತಿಕ ಪ್ರಶಸ್ತಿ ನೀಡಿತು.

ಕರ್ನಾಟಕದಲ್ಲಿ ಸುಮಾರು 42,000 ಆಶಾಗಳಿದ್ದಾರೆ. 2025ರ ಜನವರಿ 7ರಿಂದ 10ರವರೆಗೆ ಅವರಲ್ಲಿ ಸಾವಿರಾರು ಮಂದಿ ಫ್ರೀಡಂ ಪಾರ್ಕ್‌ನಲ್ಲಿ ಅಹೋರಾತ್ರಿ ಕುಳಿತರು. ಜನವರಿಯ ಬೆಂಗಳೂರಿನ ಚಳಿ ನಮಗೆಲ್ಲ ಗೊತ್ತು. ಬೇಡಿಕೆ ತಿಂಗಳಿಗೆ 15,000 ರೂಪಾಯಿ ನಿಶ್ಚಿತ ಮೊತ್ತ. ಏಪ್ರಿಲ್‌ನಿಂದ ಎಲ್ಲ ಸೇರಿ ಯಾರಿಗೂ 10,000ಕ್ಕಿಂತ ಕಡಿಮೆ ಬರದಂತೆ ನೋಡಿಕೊಳ್ಳುತ್ತೇವೆ ಎಂದು ಮುಖ್ಯಮಂತ್ರಿ ಭರವಸೆ ಕೊಟ್ಟ ಮೇಲೆ ಧರಣಿ ಮುಗಿಯಿತು. ಕೊಟ್ಟ ಮಾತು ಜಾರಿಯಾಗಿಲ್ಲ ಎಂದು ಆಗಸ್ಟ್‌ನಲ್ಲಿ ಮತ್ತೆ ಬೀದಿಗಿಳಿದರು.

ನರ್ಸಿಂಗ್ ಓದುವವರು ಇದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಳ್ಳಬೇಡಿ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆ ಸರ್ಕಾರಿ ನರ್ಸ್‌ಗಳಷ್ಟೇ ಸಂಬಳ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಯದ್ದೂ 20,000ಕ್ಕಿಂತ ಕಡಿಮೆ ಕೊಡಬಾರದು ಎಂದಿತು. ಅದು ಶಿಫಾರಸು, ಕಾನೂನಲ್ಲ. ಆದ್ದರಿಂದ ನೇಮಕಾತಿ ಪತ್ರದಲ್ಲಿ ನಿಮ್ಮನ್ನು ನೌಕರ ಎಂದಿದೆಯೋ, ಟ್ರೈನಿ ಎಂದಿದೆಯೋ, ಹೊರಗುತ್ತಿಗೆ ಏಜೆನ್ಸಿಯ ಹೆಸರಿದೆಯೋ ಎಂದು ಮೊದಲು ನೋಡಿ.

ಇಎಸ್‌ಐಗೆ ಒಳಪಟ್ಟ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವ ನೌಕರರಿಗೆ ಆ ಸೌಲಭ್ಯ ಸಿಗುತ್ತದೆ. ವೇತನದ ಶೇ 0.75 ನೌಕರರದು, ಶೇ 3.25 ಮಾಲೀಕರದು. ಆ ಕಾರ್ಡ್ ಇದ್ದರೆ ನಮ್ಮ ಪಕ್ಕದ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಯ ಜೊತೆಗೆ ಕಾಯಿಲೆಯ ರಜೆಯ ದಿನಗಳಿಗೆ ಹಣವೂ ಉಂಟು. ಆಶಾಗಳಿಗೆ 2024ರಲ್ಲಿ ಆಯುಷ್ಮಾನ್ ಭಾರತ್ ವಿಮೆಯನ್ನು ವಿಸ್ತರಿಸಲಾಯಿತು. ಇಎಸ್‌ಐ ಕಾರ್ಡ್ ಅವರಿಗಿಲ್ಲ, ಏಕೆಂದರೆ ಅದು ನೌಕರರಿಗೆ.