ಮನೆಯಂಗಳದ ಹವಾಮಾಪನ: ನಂಬಿಕೆ ಮತ್ತು ನಿಜ

ತಾರಸಿಯ ಮೇಲೆಯೋ ತೋಟದ ಬೇಲಿಯ ಬಳಿಯೋ ಒಂದು ಕಂಬವನ್ನು ನೆಟ್ಟು, ಅದಕ್ಕೆ ಮಳೆ, ಗಾಳಿ, ಉಷ್ಣತೆ, ಆರ್ದ್ರತೆಗಳನ್ನು ಅಳೆಯುವ ಸೆನ್ಸರುಗಳನ್ನು ಬಿಗಿದು, ಮನೆಯೊಳಗಿನ ಫಲಕದಲ್ಲಿ ಅವುಗಳ ಅಂಕಿಗಳನ್ನು ಓದುವ ಅಭ್ಯಾಸ ಈಚಿನ ವರ್ಷಗಳಲ್ಲಿ ನಮ್ಮ ನಗರವಾಸಿಗಳಲ್ಲಿಯೂ ಕೃಷಿಕರಲ್ಲಿಯೂ ಬೆಳೆಯುತ್ತಿರುವುದು ನಿಜವಾಗಿಯೂ ಸಂತೋಷದ ಸಂಗತಿ. ತನ್ನ ತಲೆಯ ಮೇಲಿನ ಆಕಾಶವನ್ನು ಪ್ರತಿದಿನವೂ ಗಮನವಿಟ್ಟು ನೋಡುವವನಿಗೆ ತಾನು ಬಾಳುವ ನೆಲದ ಪರಿಚಯ ಹೆಚ್ಚು ಆಳವಾಗುತ್ತದೆ. ಆದರೆ ಯಂತ್ರದ ಜೊತೆಯಲ್ಲಿಯೇ ಹಲವು ತಪ್ಪು ಕಲ್ಪನೆಗಳೂ ಗೃಹಪ್ರವೇಶ ಮಾಡುತ್ತವೆ. ಬೆಲೆ ಹೆಚ್ಚಿದಷ್ಟೂ ಅಂಕಿಯ ಸತ್ಯತೆಯೂ ಹೆಚ್ಚುತ್ತದೆಂಬುದು ಅವುಗಳಿಗೆಲ್ಲ ಮೂಲವಾದ ಕಲ್ಪನೆ. ವಸ್ತುಸ್ಥಿತಿ ಹಾಗಿಲ್ಲ. ಸೆನ್ಸರು ಬಲ್ಲುದು ತನ್ನನ್ನು ಮುಟ್ಟುವ ಗಾಳಿಯನ್ನು, ತನ್ನ ಬಾಯಿಗೆ ಬಿದ್ದ ನೀರನ್ನು. ಅದರಾಚೆಗಿನ ಊರಿನ ಹವೆ ಅದಕ್ಕೆ ತಿಳಿಯದು. ಆದುದರಿಂದ ಯುಕ್ತವಾದ ಸ್ಥಳದಲ್ಲಿ ನಿಂತ ಅಲ್ಪಬೆಲೆಯ ಉಪಕರಣವು ಅಯುಕ್ತ ಸ್ಥಳದಲ್ಲಿ ನಿಂತ ದುಬಾರಿ ಉಪಕರಣಕ್ಕಿಂತ ಸರ್ವಥಾ ಶ್ರೇಷ್ಠವೆಂದೇ ನನ್ನ ಅಭಿಪ್ರಾಯ.

ಬೇಸಗೆಯಲ್ಲಿ ಬಹುಜನರ ಬಾಯಲ್ಲಿ ಕೇಳಿಬರುವ ಒಂದು ಮಾತಿದೆ: ಪತ್ರಿಕೆಯಲ್ಲಿ ಬರುವುದು ನೆರಳಿನ ಉಷ್ಣತೆ, ನಿಜವಾದ ಉಷ್ಣತೆ ತಿಳಿಯಬೇಕಾದರೆ ಬಿಸಿಲಿನಲ್ಲಿಯೇ ಅಳೆಯಬೇಕು ಎಂದು. ಬಿಸಿಲಿನಲ್ಲಿಟ್ಟ ಉಷ್ಣತಾಮಾಪಕವು ಸೂರ್ಯಕಿರಣವನ್ನು ತಾನೇ ಹೀರಿ ತಾನೇ ಕಾದು, ಗಾಳಿಯ ಉಷ್ಣತೆಗೆ ಬದಲಾಗಿ ತನ್ನ ಮೈಯ ಉಷ್ಣತೆಯನ್ನು ತೋರಿಸುತ್ತದೆ. ಕಪ್ಪು ಹೊದಿಕೆಯದೊಂದನ್ನೂ ಬಿಳಿ ಹೊದಿಕೆಯದೊಂದನ್ನೂ ಅಕ್ಕಪಕ್ಕದಲ್ಲಿ ಬಿಸಿಲಿಗೆ ಒಡ್ಡಿದರೆ ಎರಡೂ ಬೇರೆ ಬೇರೆ ಅಂಕಿಗಳನ್ನು ನುಡಿಯುವುದೇ ಇದಕ್ಕೆ ಸಾಕ್ಷಿ. ಸ್ಕಾಟ್ಲೆಂಡಿನ ದೀಪಸ್ತಂಭಗಳ ನಿರ್ಮಾಪಕನೂ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್ಸನ್ನನ ತಂದೆಯೂ ಆದ ಥಾಮಸ್ ಸ್ಟೀವನ್ಸನ್, ಬಿಸಿಲು ಒಳಬಾರದಂತೆ, ಗಾಳಿ ಮಾತ್ರ ಹಾದುಹೋಗುವಂತೆ, ಪಕ್ಕಗಳಿಗೆ ಓರೆಯಾದ ಪಟ್ಟಿಗಳನ್ನು ಜೋಡಿಸಿದ ಬಿಳಿಯ ಮರದ ಪೆಟ್ಟಿಗೆಯೊಂದನ್ನು 1860ರ ದಶಕದಲ್ಲಿ ರೂಪಿಸಿದ್ದು ಈ ದೋಷದ ನಿವಾರಣೆಗಾಗಿಯೇ. ಇಂದು ಮನೆಯ ಯಂತ್ರಗಳ ಸೆನ್ಸರಿಗೆ ತೊಡಿಸುವ, ಒಂದರ ಮೇಲೊಂದು ಕವುಚಿದ ಬಿಳಿ ತಟ್ಟೆಗಳ ಕವಚವು ಆ ಪೆಟ್ಟಿಗೆಯ ಸಂತತಿ. ಇದನ್ನು ನೆಲದಿಂದ ಒಂದೂಕಾಲರಿಂದ ಎರಡು ಮೀಟರಿನ ಎತ್ತರದಲ್ಲಿ, ಸಾಧ್ಯವಾದರೆ ಹುಲ್ಲುನೆಲದ ಮೇಲೆ, ಗೋಡೆಯಿಂದ ದೂರದಲ್ಲಿ ನಿಲ್ಲಿಸಬೇಕು. ತಾರಸಿಯ ಕಾಂಕ್ರೀಟು ಹಗಲೆಲ್ಲ ಕಾಯ್ದು ರಾತ್ರಿಯೂ ಶಾಖವನ್ನು ಬಿಡುತ್ತಿರುವುದರಿಂದ, ಅದಕ್ಕೆ ಅಂಟಿದಂತೆ ಇರಿಸಿದ ಸೆನ್ಸರು ಅಳೆಯುವುದು ಆ ಕಾಂಕ್ರೀಟಿನ ಹವೆಯನ್ನು.

ಉತ್ತರದ ಗೋಡೆಗೆ ಬಿಸಿಲೇ ಬೀಳದು, ಅಲ್ಲಿ ತೂಗುಹಾಕಿದರೆ ಸಾಕು ಎಂಬ ಉಪದೇಶವೂ ಪ್ರಚಲಿತವಾಗಿದೆ. ಇಂಗ್ಲೆಂಡಿನಂಥ ದೂರದ ಉತ್ತರದೇಶಗಳಿಗೆ ತಕ್ಕಮಟ್ಟಿಗೆ ಸಲ್ಲುವ ಈ ಮಾತು ನಮಗೆ ಸಲ್ಲುವುದಿಲ್ಲ. 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಕೊನೆಯ ವಾರದಿಂದ ಆಗಸ್ಟಿನ ಮಧ್ಯಭಾಗದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಬೇಸಗೆಯ ಅತ್ಯಂತ ಪ್ರಖರವಾದ ದಿನಗಳ ಒಂದು ಭಾಗದಲ್ಲಿ ಆ ಗೋಡೆಯೇ ಬಿಸಿಲಿನ ಗೋಡೆಯಾಗುತ್ತದೆ.

ಅಂಕಿ ತಪ್ಪೆಂಬ ಸಂದೇಹ ಬಂದೊಡನೆ ಸೆನ್ಸರನ್ನು ಬದಲಿಸಹೊರಡುವವರಿಗೆ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ನಂಬಿಕೆಗೆ ಅರ್ಹವಾದ ಇನ್ನೊಂದು ಮಾಪಕದೊಡನೆ ಕೆಲವು ದಿನ ಹೋಲಿಸಿ ನೋಡಿ. ವ್ಯತ್ಯಾಸವು ಗಾಳಿಯಿಲ್ಲದ ಬಿಸಿಲಿನ ಮಧ್ಯಾಹ್ನಗಳಲ್ಲಿ ಮಾತ್ರ ಕಾಣಿಸಿಕೊಂಡು, ಮೋಡ ಕವಿದ ದಿನಗಳಲ್ಲಿಯೂ ರಾತ್ರಿಯಲ್ಲಿಯೂ ಅಡಗಿಹೋದರೆ ದೋಷವಿರುವುದು ಕವಚದಲ್ಲಿ ಅಥವಾ ಸ್ಥಳದಲ್ಲಿ. ಹಗಲಿರುಳೂ ಒಂದೇ ಪ್ರಮಾಣದಲ್ಲಿ ಇದ್ದರೆ ಮಾತ್ರ ದೋಷವಿರುವುದು ಸೆನ್ಸರಿನಲ್ಲಿ. ಫಲಕದಲ್ಲಿ 27.4 ಎಂದು ದಶಾಂಶ ಕಂಡಮಾತ್ರಕ್ಕೆ ಡಿಗ್ರಿಯ ಹತ್ತನೆಯ ಒಂದು ಭಾಗದವರೆಗೂ ಅದು ನಿಖರವೆಂದು ತಿಳಿಯಕೂಡದು. ತೋರಿಸುವ ಸೂಕ್ಷ್ಮತೆ ಬೇರೆ, ನಿಖರತೆ ಬೇರೆ.

ಮಳೆಯ ವಿಷಯದಲ್ಲಿ ಭ್ರಮೆಗಳು ಇನ್ನೂ ಹೆಚ್ಚು. ಅಗಲಬಾಯಿಯ ಪಾತ್ರೆಯಲ್ಲಿ ಹೆಚ್ಚು ಮಳೆ ತೋರುತ್ತದೆಂದು ಅನೇಕರು ನಂಬಿದ್ದಾರೆ. ಬಾಯಿ ಅಗಲವಾದಷ್ಟೂ ನೀರು ಹೆಚ್ಚು ಸೇರುವುದು ನಿಜ; ಆದರೆ ಪಾತ್ರೆಯ ಪಕ್ಕಗಳು ನೇರವಾಗಿದ್ದರೆ ಆ ನೀರು ಅಷ್ಟೇ ಅಗಲವಾದ ತಳದ ಮೇಲೆ ಹರಡಿಕೊಳ್ಳುವುದರಿಂದ ಆಳ ಮಾತ್ರ ಒಂದೇ, ಮತ್ತು ಮಳೆಯ ಅಳತೆಯೆಂದರೆ ಆ ಆಳವೇ. ಒಂದು ಚದರ ಮೀಟರು ನೆಲದ ಮೇಲೆ ಬಿದ್ದ ಒಂದು ಮಿಲಿಮೀಟರು ಮಳೆ ಸರಿಯಾಗಿ ಒಂದು ಲೀಟರು ನೀರು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ, ಕೋಷ್ಠಾಗಾರದ ಬಳಿ ಒಂದು ಅರತ್ನಿ, ಅಂದರೆ ಒಂದು ಮೊಳ, ಅಗಲದ ಬಾಯುಳ್ಳ ಕುಂಡವನ್ನು ಮಳೆಯ ಅಳತೆಗಾಗಿ ಇರಿಸಬೇಕೆಂದು ವಿಧಿಸಿದಾಗ ಬಾಯಿಯ ಅಳತೆಯನ್ನು ಗೊತ್ತುಪಡಿಸಿದನಷ್ಟೆ. ಎಲ್ಲೆಡೆಯೂ ಒಂದೇ ಬಗೆಯ ಪಾತ್ರೆಯಿದ್ದಲ್ಲದೆ ನೀರಿನ ಮೊತ್ತವನ್ನು ಒಂದು ನಾಡಿನಿಂದ ಇನ್ನೊಂದಕ್ಕೆ ಹೋಲಿಸಲಾಗದು. ನಮ್ಮ ಹವಾಮಾನ ಇಲಾಖೆಯ ಮಾಪಕಗಳಲ್ಲಿ 100 ಚದರ ಸೆಂಟಿಮೀಟರು ಮತ್ತು 200 ಚದರ ಸೆಂಟಿಮೀಟರು ಬಾಯಿಯವು ಎರಡೂ ಉಂಟು, ಪ್ರತಿಯೊಂದಕ್ಕೂ ತಕ್ಕ ಅಳತೆಯ ಗಾಜು ಬೇರೆ. ಗಾಜು ಒಡೆದಾಗ ಅಂಗಡಿಯಿಂದ ಇನ್ನೊಂದು ಬಗೆಯದನ್ನು ತಂದಿಟ್ಟುಕೊಂಡವನು ಮಳೆಯನ್ನು ಇಮ್ಮಡಿಯಾಗಿಯೋ ಅರ್ಧವಾಗಿಯೋ ಬರೆಯುತ್ತ ಹೋಗುತ್ತಾನೆ.

ಮಳೆಮಾಪಕವನ್ನು ಎತ್ತರದಲ್ಲಿ ಇಟ್ಟಷ್ಟೂ ಒಳ್ಳೆಯದೆಂಬುದೂ ನಿಜವಲ್ಲ. ತಾರಸಿಯ ಅಂಚಿಗೆ ಬಡಿದ ಗಾಳಿ ಮೇಲಕ್ಕೆ ಚಿಮ್ಮಿ, ಹನಿಗಳನ್ನು ಮಾಪಕದ ಬಾಯಿಯ ಮೇಲಿಂದಲೇ ಹಾರಿಸಿಕೊಂಡು ಹೋಗುತ್ತದೆ. ಗಾಳಿ ಬಿರುಸಾಗಿ ಮಳೆ ಓರೆಯಾದಷ್ಟೂ ನಷ್ಟ ಹೆಚ್ಚು. ಇಲಾಖೆಯ ಮಾಪಕದ ಅಂಚು ನೆಲದಿಂದ ಕೇವಲ 30 ಸೆಂಟಿಮೀಟರು ಎತ್ತರದಲ್ಲಿರುತ್ತದೆ: ಗಾಳಿಯ ವೇಗ ಕಡಿಮೆಯಿರುವಷ್ಟು ಕೆಳಗೆ, ಕೆಸರುನೀರು ಸಿಡಿಯದಷ್ಟು ಮೇಲೆ. ಮರಗಳ, ಕಟ್ಟಡಗಳ ಎತ್ತರದ ಕನಿಷ್ಠ ಎರಡರಷ್ಟು ದೂರ ಬಿಡಬೇಕೆಂಬುದು ನಿಯಮ. ನಲವತ್ತು ಅಡಿಯ ಸಿಲ್ವರ್ ಓಕಿಗೆ ಎಂಬತ್ತು ಅಡಿ. ದಟ್ಟವಾದ ತೋಟದಲ್ಲಿ ಇದು ಕಷ್ಟಸಾಧ್ಯ, ನಿಜ. ಆಗ ಕಾಫಿ ಒಣಹಾಕುವ ಕಣದ ಬದಿಯಂತಹ ಬಯಲನ್ನು ಹುಡುಕಿಕೊಳ್ಳಬೇಕು.

ಈ ನಿಯಮಗಳನ್ನೆಲ್ಲ ಪಾಲಿಸಿದ ಬಳಿಕವೂ ವಿದ್ಯುನ್ಮಾನ ಮಾಪಕವು ಮಳೆಯನ್ನು ಕಡಿಮೆ ತೋರಿಸಬಹುದು. ಅದರೊಳಗೆ ತಕ್ಕಡಿಯ ತಟ್ಟೆಗಳಂತೆ ಜೋಡಿಯಾಗಿರುವ ಎರಡು ಪುಟ್ಟ ಬಟ್ಟಲುಗಳಲ್ಲಿ ಒಂದು ತುಂಬಿದೊಡನೆ ವಾಲಿ ಬರಿದಾಗುತ್ತದೆ, ಮತ್ತೊಂದು ಅದರ ಸ್ಥಾನಕ್ಕೆ ಏರುತ್ತದೆ. ಪ್ರತಿ ವಾಲುವಿಕೆಯನ್ನೂ ಒಂದು ಅಯಸ್ಕಾಂತ ಮತ್ತು ಸ್ವಿಚ್ಚು ಎಣಿಸುತ್ತವೆ. ಲಂಡನ್ನಿನ ಸೇಂಟ್ ಪಾಲ್ ಮಂದಿರದ ಶಿಲ್ಪಿಯಾದ ಕ್ರಿಸ್ಟಫರ್ ರೆನ್ 17ನೆಯ ಶತಮಾನದಲ್ಲಿಯೇ ಕಲ್ಪಿಸಿದ ಉಪಾಯವಿದು. ಮಂದವಾದ ಮಳೆಗೆ ಇದು ಸೊಗಸಾಗಿ ಒದಗುತ್ತದೆ. ಆಗುಂಬೆಯ ಆಷಾಢದಂಥ ಧಾರಾಕಾರ ಮಳೆಯಲ್ಲಿ ಮಾತ್ರ, ಬಟ್ಟಲು ವಾಲುತ್ತಿರುವ ಕ್ಷಣಾರ್ಧದಲ್ಲಿಯೂ ನೀರು ಸುರಿಯುತ್ತಲೇ ಇದ್ದು, ಆ ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಲಾಳಿಕೆಯಲ್ಲಿ ಎಲೆಯೋ ಹಕ್ಕಿಯ ಹಿಕ್ಕೆಯೋ ಕಟ್ಟಿಕೊಂಡರೆ, ಬಟ್ಟಲುಗಳ ನಡುವೆ ಜೇಡ ಬಲೆ ನೇಯ್ದರೆ, ಕಂಬ ಓರೆಯಾದರೆ ಎಣಿಕೆ ಇನ್ನಷ್ಟು ಕೆಡುತ್ತದೆ. ಕಂಬ ಗಾಳಿಗೆ ಅಲುಗಾಡಿದರೆ ಮಳೆಯೇ ಇಲ್ಲದ ದಿನವೂ ಮಳೆ ದಾಖಲಾಗುತ್ತದೆ. ಪರೀಕ್ಷಿಸುವ ಬಗೆ ಸುಲಭ. ಮಾಪಕದ ಬಾಯಿಯ ವ್ಯಾಸ 16 ಸೆಂಟಿಮೀಟರು ಇದ್ದರೆ ಅದರ ವಿಸ್ತಾರ ಸುಮಾರು 200 ಚದರ ಸೆಂಟಿಮೀಟರು. 200 ಮಿಲಿಲೀಟರು ನೀರನ್ನು ಅರ್ಧ ಗಂಟೆಯ ಅವಧಿಯಲ್ಲಿ ತೊಟ್ಟುತೊಟ್ಟಾಗಿ ಬಿಟ್ಟರೆ ಯಂತ್ರ 10 ಮಿಲಿಮೀಟರು ತೋರಿಸಬೇಕು, ಅರ್ಥಾತ್ 0.2 ಮಿಲಿಮೀಟರಿನ ಬಟ್ಟಲು ಐವತ್ತು ಬಾರಿ ವಾಲಬೇಕು. ಅವಸರದಿಂದ ಒಮ್ಮೆಲೇ ಸುರಿದರೆ ಪರೀಕ್ಷೆ ವ್ಯರ್ಥ.

ವಾಯುಭಾರದ ಬಗೆಗಿನ ತಪ್ಪು ತಿಳಿವಳಿಕೆ ನಮ್ಮಲ್ಲಿ ಅತ್ಯಂತ ಬಲವಾಗಿ ಬೇರೂರಿದೆ, ಏಕೆಂದರೆ ಅದು ಮುದ್ರಿತ ಪುಸ್ತಕಗಳ ಪ್ರಾಮಾಣ್ಯದೊಡನೆ ಬಂದಿದೆ: ಭಾರ ಇಳಿದರೆ ಮಳೆ, ಏರಿದರೆ ಒಳ್ಳೆಯ ಹವೆ ಎಂದು. ಶೀತೋಷ್ಣವಲಯದ ದೇಶಗಳಲ್ಲಿ ವಾಯುಭಾರವು ದಿನದಿಂದ ದಿನಕ್ಕೆ ಬಹಳವಾಗಿ ಏರಿಳಿಯುವುದರಿಂದ ಆ ಸೂತ್ರಕ್ಕೆ ಅಲ್ಲಿ ಅರ್ಥವಿದೆ. ಉಷ್ಣವಲಯದಲ್ಲಿ ಸಮುದ್ರದ ಉಬ್ಬರವಿಳಿತದ ಹಾಗೆ ವಾಯುಮಂಡಲಕ್ಕೂ ದಿನಕ್ಕೆರಡು ಬಾರಿ ಏರಿಳಿತವುಂಟು. ಓಜೋನ್ ಮತ್ತು ನೀರಾವಿಗಳು ಸೂರ್ಯನ ಶಾಖವನ್ನು ಹೀರುವುದರಿಂದ ಹುಟ್ಟುವ ಈ ಅಲೆಯಿಂದಾಗಿ ಬೆಳಿಗ್ಗೆ ಹತ್ತರ ಸುಮಾರಿಗೂ ರಾತ್ರಿ ಹತ್ತರ ಸುಮಾರಿಗೂ ಭಾರ ಹೆಚ್ಚು, ಬೆಳಗಿನ ಜಾವದ ನಾಲ್ಕಕ್ಕೂ ಸಂಜೆಯ ನಾಲ್ಕಕ್ಕೂ ಕಡಿಮೆ. ಬೆಳಗಿನಿಂದ ಸಂಜೆಗೆ ಮೂರು ನಾಲ್ಕು ಹೆಕ್ಟೋಪ್ಯಾಸ್ಕಲಿನಷ್ಟು ಇಳಿಯುವುದು ನಮ್ಮಲ್ಲಿ ಆಕಾಶ ಶುಭ್ರವಾಗಿರುವ ದಿನದ ಸಹಜ ಧರ್ಮ. ಅದನ್ನು ಕಂಡು ಫಲಕದ ಮೂಲೆಯಲ್ಲಿ ಮೋಡದ ಚಿತ್ರ ಮೂಡಿದರೆ ಮಳೆಗೆ ಸಿದ್ಧರಾಗಬೇಕಾಗಿಲ್ಲ; ಕೆಲವು ಗಂಟೆಗಳ ವಾಯುಭಾರವನ್ನಷ್ಟೇ ನೋಡಿ ಚಿತ್ರ ಬಿಡಿಸುವ ಯಂತ್ರಕ್ಕೆ ಈ ಅಲೆಯ ಅರಿವಿಲ್ಲ. ಇಂದಿನ ನಾಲ್ಕು ಗಂಟೆಯ ಅಂಕಿಯನ್ನು ನಿನ್ನೆಯ ನಾಲ್ಕು ಗಂಟೆಯ ಅಂಕಿಯೊಡನೆ ಹೋಲಿಸುವುದೇ ನಮ್ಮ ದೇಶಕ್ಕೆ ಒಪ್ಪುವ ಕ್ರಮ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ಹವಾಮಾನ ತಜ್ಞರು ನೋಡುವುದೂ ಈ ಇಪ್ಪತ್ತನಾಲ್ಕು ಗಂಟೆಗಳ ವ್ಯತ್ಯಾಸವನ್ನೇ.

ವಾಯುಭಾರ ತೋರಿಸುವಲ್ಲಿ ಬೆಂಗಳೂರಿನ ಯಂತ್ರ 910 ಹೆಕ್ಟೋಪ್ಯಾಸ್ಕಲಿನ ಆಸುಪಾಸಿನಲ್ಲಿದ್ದು ಮಂಗಳೂರಿನದು 1010ರ ಬಳಿಯಿದ್ದರೆ ಮೊದಲನೆಯದು ಕೆಟ್ಟಿದೆಯೆಂದು ದೂರುವವರೂ ಇದ್ದಾರೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರು ಮೇಲಿರುವ ಊರಿನಲ್ಲಿ ಗಾಳಿಯ ಭಾರ ಅಷ್ಟು ಕಡಿಮೆಯಾಗಿರಲೇಬೇಕು. ಊರೂರುಗಳನ್ನು ಹೋಲಿಸುವುದಕ್ಕಾಗಿ ಆ ಅಂಕಿಯನ್ನು ಸಮುದ್ರಮಟ್ಟಕ್ಕೆ ಪರಿವರ್ತಿಸುತ್ತಾರೆ, ಅದಕ್ಕೆ ಯಂತ್ರಕ್ಕೆ ಸ್ಥಳದ ಎತ್ತರವನ್ನು ತಿಳಿಸಬೇಕು. ಎಂಟೊಂಬತ್ತು ಮೀಟರು ತಪ್ಪಿದರೆ ಒಂದು ಹೆಕ್ಟೋಪ್ಯಾಸ್ಕಲ್ ತಪ್ಪುತ್ತದೆ. ಮೀಟರು ಕೇಳಿದಲ್ಲಿ ಅಡಿಯ ಲೆಕ್ಕವನ್ನು ತುಂಬುವುದು ಇಲ್ಲಿ ಸಾಮಾನ್ಯವಾಗಿ ಆಗುವ ಪ್ರಮಾದ.

ಆರ್ದ್ರತೆ ನೂರಾದರೆ ಮಳೆ ಬಂದೇ ಬರುತ್ತದೆಂಬುದು ಸುಳ್ಳು; ಉಷ್ಣತೆ ಇಳಿದಂತೆ ಸಾಪೇಕ್ಷ ಆರ್ದ್ರತೆ ತಾನಾಗಿ ಏರುವುದರಿಂದ, ಮಾಘಮಾಸದ ಮಂಜಿನ ಮುಂಜಾವಿನಲ್ಲಿ ಮೋಡದ ಸುಳಿವೇ ಇಲ್ಲದಾಗಲೂ ಅದು ನೂರನ್ನು ಮುಟ್ಟಬಹುದು. ಮಲೆನಾಡಿನ ಮಳೆಗಾಲವನ್ನು ಕಳೆದ ಸೆನ್ಸರು ದಾರಿತಪ್ಪಿದೆಯೇ ಎಂದು ತಿಳಿಯಲು ಅಡುಗೆಮನೆಯ ಉಪ್ಪು ಸಾಕು: ನೀರು ಬೆರೆಸಿ ಕೆಸರಿನಂತೆ ಮಾಡಿದ ಉಪ್ಪಿನ ಪುಟ್ಟ ಬಟ್ಟಲನ್ನು ಸೆನ್ಸರಿನ ಜೊತೆಗೆ, ಒಂದಕ್ಕೊಂದು ತಾಗದಂತೆ, ಬಿಗಿಮುಚ್ಚಳದ ಡಬ್ಬಿಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಅಂಕಿ 75ರ ಬಳಿ ನಿಲ್ಲಬೇಕು.

ಗಾಳಿಯ ವಿಷಯದಲ್ಲಿ ಹೇಳಬೇಕಾದುದು ಕಡಿಮೆ. ಬಯಲಿನಲ್ಲಿ 10 ಮೀಟರು ಎತ್ತರದಲ್ಲಿ ಅಳೆದ ವೇಗವೇ ಎಲ್ಲ ಪ್ರಕಟಣೆಗಳ ಆಧಾರವಾದುದರಿಂದ, ಮನೆಗಳ ನಡುವಿನ ಅಂಗಳದ ಅಂಕಿಯನ್ನು ಅವುಗಳೊಡನೆ ಹೋಲಿಸುವುದು ನಿರರ್ಥಕ. ನಿಸ್ತಂತು ಸಂಕೇತ ನೂರು ಮೀಟರು ತಲುಪುತ್ತದೆಂಬ ಭರವಸೆಯೂ ಅಡ್ಡಿಯಿಲ್ಲದ ಮೈದಾನಕ್ಕೆ ಮಾತ್ರ ಅನ್ವಯ. ಕಾಂಕ್ರೀಟು ಗೋಡೆ, ತಗಡಿನ ಮಾಡು ಅದನ್ನು ಬಹುವಾಗಿ ಕುಗ್ಗಿಸುತ್ತವೆ.

ಇನ್ನು, ಪಂಚಾಯಿತಿಯ ಮಳೆಮಾಪಕಕ್ಕೂ ತಮ್ಮ ಮನೆಯದಕ್ಕೂ ಹೊಂದಿಕೆಯಾಗದಾಗ ಎರಡರಲ್ಲೊಂದು ಸುಳ್ಳೆಂದು ನಿರ್ಣಯಿಸುವುದುಂಟು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಸ್ಥಾಪಿಸಿದೆ. ಅಡಿಕೆ, ಕಾಳುಮೆಣಸುಗಳ ಹವಾಮಾನಾಧಾರಿತ ಬೆಳೆವಿಮೆಯ ತೀರ್ಮಾನ ಇಂಥ ಅಧಿಕೃತ ಅಂಕಿಗಳಿಂದಲೇ ಆಗುವುದರಿಂದ ಕೃಷಿಕನ ಕಳವಳ ಸಹಜವಾದುದು. ಆದರೆ ಮುಂಗಾರಿಗೆ ಮುನ್ನ ಬರುವ ಗುಡುಗುಮಳೆ ಒಂದು ಗುಡ್ಡದ ಈಚೆ ಸುರಿದು ಆಚೆ ಒಣಗಿಸಿಹೋಗುವುದು ಎಲ್ಲರೂ ಬಲ್ಲ ಸಂಗತಿ, ಆಗ ಎರಡು ಅಂಕಿಗಳೂ ನಿಜವೇ. ಇದಕ್ಕಿಂತ ಗೂಢವಾದ ಕಾರಣವೆಂದರೆ ದಿನದ ಗಡಿ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ, ಮನೆಯ ಯಂತ್ರಗಳ ದಿನ ಸಾಮಾನ್ಯವಾಗಿ ನಡುರಾತ್ರಿಯಿಂದ ನಡುರಾತ್ರಿಗೆ. ಮಂಗಳವಾರ ಸಂಜೆ ಸುರಿದ ಮಳೆಯನ್ನು ಯಂತ್ರ ಮಂಗಳವಾರಕ್ಕೆ ಬರೆದರೆ ಇಲಾಖೆ ಬುಧವಾರ ಬೆಳಗಿನ ಅಳತೆಯಲ್ಲಿ ಬರೆಯುತ್ತದೆ. ತಿಂಗಳ ಮೊತ್ತವನ್ನು ಹೋಲಿಸಿದಾಗ ಈ ಜಗಳ ಬಹುಮಟ್ಟಿಗೆ ತಾನಾಗಿ ತೀರುತ್ತದೆ.

ಕಡೆಯದಾಗಿ, ಹೊಸ ಯಂತ್ರ ಬಂದ ದಿನವೇ ಹಳೆಯ ಗಾಜಿನ ಮಾಪಕವನ್ನು ಅಟ್ಟಕ್ಕೆ ಸೇರಿಸಬಹುದೆಂಬ ಭಾವನೆಯನ್ನು ಬಿಡಬೇಕೆಂದು ಓದುಗರನ್ನು ಪ್ರಾರ್ಥಿಸುತ್ತೇನೆ. ಕೊಡಗಿನ, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಇಂಚು ಮತ್ತು ಸೆಂಟುಗಳ ಲೆಕ್ಕದಲ್ಲಿ ಮಳೆಯನ್ನು ಬರೆದಿಟ್ಟ ಪುಸ್ತಕಗಳುಂಟು. ಇಂಚಿನ ನೂರನೆಯ ಭಾಗವೇ ಅವರ ಸೆಂಟು. ಕಾಫಿಯ ಹೂ ಅರಳಿಸುವ ಹೂಮಳೆ ಯಾವ ವರ್ಷ ಎಂದು ಬಿತ್ತು, ಎಷ್ಟು ಬಿತ್ತು ಎಂಬುದನ್ನು ಆ ತೋಟದ ಮಟ್ಟಿಗೆ ಹೇಳಬಲ್ಲ ದಾಖಲೆ ಬೇರೊಂದಿಲ್ಲ. ಉಪಕರಣವನ್ನು ತಟಕ್ಕನೆ ಬದಲಿಸಿದರೆ, ಮುಂದಿನ ವರ್ಷಗಳಲ್ಲಿ ಮಳೆ ಕಡಿಮೆಯಾದದ್ದು ಆಕಾಶದಿಂದಲೋ ಮಾಪಕದಿಂದಲೋ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಆದುದರಿಂದ ಎರಡನ್ನೂ ಕನಿಷ್ಠ ಒಂದು ಪೂರ್ಣ ಮಳೆಗಾಲ ಅಕ್ಕಪಕ್ಕದಲ್ಲಿ ನಡೆಸಿ, ಬೆಳಿಗ್ಗೆ ಎಂಟೂವರೆಗೆ ಎರಡರ ಅಂಕಿಗಳನ್ನೂ ಬರೆದುಕೊಳ್ಳಿ. ಲಾಳಿಕೆ ತೊಳೆದ ದಿನ, ಬ್ಯಾಟರಿ ಬದಲಿಸಿದ ದಿನ, ಪಕ್ಕದ ಮರ ಕಡಿದ ದಿನ, ಕಂಬವನ್ನು ಸರಿಸಿದ ದಿನ, ಇವನ್ನೂ ಅದೇ ಪುಟದ ಅಂಚಿನಲ್ಲಿ ತಪ್ಪದೆ ನಮೂದಿಸಿ.